ಏಳೂವರೆ ಸಾವಿರ ರಾಬರ್ಟ್ ಸ್ಮಿತ್‌ರು

1 ಕೋಟಿ 70 ಲಕ್ಷ. 1945ರ ಫೆಬ್ರುವರಿಯಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಬಟವಾಡೆಯಾಗದೆ ಬಿದ್ದಿದ್ದ ಅಮೆರಿಕನ್ ಸೈನಿಕರ ಕಾಗದ, ಪಾರ್ಸೆಲುಗಳ ಅಂದಾಜು ಲೆಕ್ಕ ಇದು. ಟಪಾಲು ಚೀಲಗಳು ಸೂರು ಮುಟ್ಟಿದ್ದವು. ಮನೆಯವರು ಕ್ರಿಸ್‌ಮಸ್ಸಿಗೆಂದು ಕಟ್ಟಿ ಕಳಿಸಿದ್ದ ಕೇಕು, ಬಿಸ್ಕತ್ತಿನ ಗಂಟುಗಳಿಗೆ ಹೆಗ್ಗಣಗಳು ಬಾಯಿ ಹಾಕಿದ್ದವು. ಅತ್ತ ಯುರೋಪಿನ ಚಳಿಯಲ್ಲಿ ಕಾದಾಡುತ್ತಿದ್ದವನಿಗೆ ತಿಂಗಳುಗಟ್ಟಲೆ ಮನೆಯ ಸುದ್ದಿಯೇ ಇಲ್ಲ. ಬರೆಯುವುದನ್ನೇ ಬಿಟ್ಟರೋ, ತನ್ನನ್ನೇ ಮರೆತರೋ, ಅವನಿಗೆ ಹೇಗೆ ತಿಳಿಯಬೇಕು? ಕಾಗದ ಬಾರದಿದ್ದರೆ ಸೈನಿಕ ಎದೆಗುಂದುತ್ತಾನೆ ಎಂಬುದು ಸೇನೆಯ ಮೇಲಧಿಕಾರಿಗಳಿಗೂ ಗೊತ್ತಿತ್ತು.

ಈ ರಾಶಿ ಕರಗಿಸಲು ಬಂದದ್ದು ಅಮೆರಿಕದ 6888ನೇ ಅಂಚೆ ಬೆಟಾಲಿಯನ್. 855 ಮಹಿಳೆಯರು, ಬಹುತೇಕ ಎಲ್ಲರೂ ಕಪ್ಪು ಜನಾಂಗದವರು. ಅವರ ಮುಖ್ಯಸ್ಥೆ ಮೇಜರ್ ಚಾರಿಟಿ ಆಡಮ್ಸ್‌ಗೆ ಆಗ 26 ವರ್ಷ. ಕೊಟ್ಟ ಗಡುವು ಆರು ತಿಂಗಳು. ರಾತ್ರಿ ಬೆಳಕು ಹೊರಗೆ ಕಾಣದಂತೆ ಕಿಟಕಿಗಳಿಗೆಲ್ಲ ಬಣ್ಣ ಬಳಿದಿದ್ದ, ಬೆಚ್ಚಗಿಡುವ ವ್ಯವಸ್ಥೆಯಿಲ್ಲದ ಕಟ್ಟಡದಲ್ಲಿ ದಪ್ಪ ಕೋಟು ತೊಟ್ಟೇ ಕೆಲಸ.

ಹಗಲೂ ರಾತ್ರಿ ಮೂರು ಪಾಳಿ. ಒಂದೊಂದು ಪಾಳಿಗೆ ಸುಮಾರು 65,000 ಕಾಗದ. ಅಂದರೆ ಸೆಕೆಂಡಿಗೆ ಎರಡಕ್ಕೂ ಹೆಚ್ಚು! ಅದೇ ಲೆಕ್ಕವನ್ನು ತಲೆಗೆ ಹಂಚಿ ನೋಡಿದರೆ ಒಬ್ಬೊಬ್ಬರಿಗೂ ಒಂದು ಕಾಗದಕ್ಕೆ ಎರಡು ನಿಮಿಷ ಸಿಗುತ್ತದೆ. ಅಡುಗೆ, ವಾಹನ ನೋಡಿಕೊಳ್ಳುತ್ತಿದ್ದವರನ್ನು ಬಿಟ್ಟರೆ ಇನ್ನೂ ಕಡಿಮೆ.

ಎರಡು ನಿಮಿಷ ಧಾರಾಳವಾಯಿತಲ್ಲ ಅನ್ನಿಸಬಹುದು. ಆದರೆ ಲಕೋಟೆಯ ಮೇಲೆ ಇರುವುದು 'ರಾಬರ್ಟ್ ಸ್ಮಿತ್' ಎಂದಿಟ್ಟುಕೊಳ್ಳಿ. ಆ ಹೆಸರಿನವರು ಪಟ್ಟಿಯಲ್ಲಿ ಸುಮಾರು 7,500 ಮಂದಿ! ನಮ್ಮವನು ಯಾರೆಂದು ಸೈನಿಕ ಸಂಖ್ಯೆ ನೋಡಿ ಹುಡುಕಬೇಕು, ಅದೂ ಸೈನಿಕರ ವಿವರವಿದ್ದ ಸುಮಾರು 70 ಲಕ್ಷ ಕಾರ್ಡುಗಳ ನಡುವೆ. ಕೆಲವರು 'ಜೂನಿಯರ್, ಅಮೆರಿಕ ಸೇನೆ' ಎಂದಷ್ಟೇ ಬರೆದು ಅಂಚೆಗೆ ಹಾಕಿದ್ದರು. ಅಂಥವರ ಪಾಲಿಗೆ ಆ ಸೇನೆಯಲ್ಲಿ ಇದ್ದವನು ಅವನೊಬ್ಬನೇ. ಕಾರ್ಡು ಸಿಕ್ಕರೂ ಕೆಲಸ ಮುಗಿಯಲಿಲ್ಲ. ಪಡೆ ಮುಂದಕ್ಕೆ ಸರಿದಂತೆಲ್ಲ ವಿಳಾಸ ತಿದ್ದಬೇಕು. ಸತ್ತವನ ಕಾಗದವಾದರೆ ಬರೆದವರಿಗೇ ವಾಪಸ್ ಕಳಿಸಬೇಕು.

ಕಾಗದದ ತೂಕವನ್ನು ಸೇನೆ ಆಗಲೇ ಗೆದ್ದಿತ್ತು. 1942ರಲ್ಲಿ ಬಂದ 'ವಿ-ಮೇಲ್' ಎಂಬ ವ್ಯವಸ್ಥೆ ಕಾಗದಗಳ ಚಿತ್ರ ತೆಗೆದು, ಫಿಲ್ಮಿಗೆ ಇಳಿಸಿ, 37 ಚೀಲ ತುಂಬುವ ಒಂದೂವರೆ ಲಕ್ಷ ಕಾಗದಗಳನ್ನು ಒಂದೇ ಚೀಲದಲ್ಲಿ ಕಡಲಾಚೆಗೆ ಕಳಿಸುತ್ತಿತ್ತು. ಕಡಲು ದಾಟಿಸಲು ಯಂತ್ರ ಸಾಕು. ದಾಟಿದ ಮೇಲೆ ಆ ಒಬ್ಬ ಸ್ಮಿತ್‌ನನ್ನು ಪತ್ತೆಹಚ್ಚುವುದಕ್ಕೆ ಮನುಷ್ಯರ ಕಣ್ಣು, ಕೈಯೇ ಬೇಕಾಯಿತು.

ರಾಶಿ ಮೂರೇ ತಿಂಗಳಲ್ಲಿ ಖಾಲಿಯಾಯಿತು. ಈ ಮಹಿಳೆಯರಿಗೆ ಅಮೆರಿಕ ಕಾಂಗ್ರೆಸ್ಸಿನ ಚಿನ್ನದ ಪದಕ ಮಂಜೂರಾದದ್ದು 2022ರಲ್ಲಿ. 1945ರಲ್ಲಿ ಅವರಿಗೆ ಸಿಕ್ಕಿದ್ದು, ಕೆಲಸ ಬೇಗ ಮುಗಿಸಿದವರಿಗೆ ಯಾವ ಕಚೇರಿಯಲ್ಲೂ ಸಿಗುವಂಥದ್ದೇ: ಫ್ರಾನ್ಸಿನ ರೂಆನ್‌ಗೆ ವರ್ಗ, ಅಲ್ಲಿ ಇನ್ನೊಂದು ರಾಶಿ.