ಎರೆಯೊಳಗಿನ ಖಡ್ಗಮೃಗ

1863ರ ಮೇ 30ರಂದು ಮದ್ರಾಸಿನ ಪಲ್ಲಾವರಂನ ಜಲ್ಲಿಗುಂಡಿಯೊಂದರಲ್ಲಿ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಆದಿಮಾನವನ ಕಲ್ಲಿನ ಆಯುಧವೊಂದನ್ನು ಹೆಕ್ಕಿದ. ಆ ಕಲ್ಲು ಅವನಿಗೆ ಹೆಸರು ತಂದಿತು. ತಲೆಗೊಂದು ಹುಳವನ್ನೂ ಬಿಟ್ಟಿತು. ಇದನ್ನು ಹಿಡಿದವನ ಸುತ್ತ ಎಂಥ ಪ್ರಾಣಿಗಳಿದ್ದವು? ಮುಂದೆ ಆಯುಧಗಳು ರಾಶಿ ಸಿಕ್ಕವು, ಪ್ರಾಣಿಗಳ ಎಲುಬು ಹೆಚ್ಚೇನೂ ಸಿಗಲಿಲ್ಲ. ಮದ್ರಾಸಿನ ಕೆಂಪು ಮುರಕಲ್ಲು ಎಲುಬನ್ನು ಕರಗಿಸಿ ತಿಂದುಬಿಡುತ್ತದೆ.

ಆಮೇಲೆ ಭೂವಿಜ್ಞಾನ ಸರ್ವೇಕ್ಷಣೆ ಅವನನ್ನು ಬೆಳಗಾವಿ ಸೀಮೆಗೆ ಕಳಿಸಿತು. ಇಲ್ಲಿ ಬೇರೆಯೇ ಪೇಚು. ಚಿಕ್ಕೋಡಿ, ಅಥಣಿ ಕಡೆಯ ಕರಿಕಲ್ಲೆಲ್ಲ ಲಾವಾ ಆರಿ ಆದದ್ದು. ಅದರೊಳಗೆ ಎಲುಬು ಹುಡುಕುವವರಾರು? ಉಳಿದದ್ದು ಹೊಳೆ ಹಾಸಿಹೋದ ಮಣ್ಣು. ಫೂಟ್ ಘಟಪ್ರಭೆಯ ದಡ ಹಿಡಿದ.

ರಾಯಬಾಗದ ನೆರೆಯ ಗೋಕಾಕಿನ ಬಳಿ, ದಾಖಲೆಯಲ್ಲಿ ಚಿಕ್‌ಡೌಲಿ ಎಂದಿರುವ ಹಳ್ಳಿಯಲ್ಲಿ, ಹಳ್ಳವೊಂದು ಮಣ್ಣನ್ನು ಕೊರೆದು ದಂಡೆಯನ್ನು ಬೆತ್ತಲೆ ಮಾಡಿತ್ತು. ಎರೆಯಂಥ ಗಟ್ಟಿ ಕಪ್ಪು ಜೇಡಿಯಲ್ಲಿ ಎಲುಬುಗಳು! ಮಳೆ ಮಾಡಿಟ್ಟ ಅಗೆತವದು. ಕೆಲವು ಮಳೆಗಾಲ ತಡವಾಗಿದ್ದರೆ ಅವು ಹೊಳೆ ಪಾಲು.

ಸಿಕ್ಕಿತೆಂದು ಹಿಗ್ಗುವಂತಿರಲಿಲ್ಲ. ಎರೆಯ ಗುಣವೇ ಅಂಥದ್ದು: ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಬಿರಿಯುತ್ತದೆ, ಒಳಗಿದ್ದ ಎಲುಬನ್ನೂ ಸೀಳುತ್ತದೆ. ತಲೆಬುರುಡೆ, ದವಡೆ ಎಲ್ಲ ಚೂರು. ಯಾವ ಪ್ರಾಣಿ? ಎಮ್ಮೆಯೋ, ಆನೆಮರಿಯೋ ಎಂದು ತಳ್ಳಿಹಾಕಲು ಬಿಡದೆ ಹಟ ಹಿಡಿದದ್ದು ಹಲ್ಲುಗಳು. ಮೇಲ್ದವಡೆಯ ಹಲ್ಲು, ಸವೆದಾಗ, ಹೊರಗೊಂದು ಉದ್ದನೆಯ ಏಣು, ಅದರಿಂದ ಒಳಕ್ಕೆ ಚಾಚಿದ ಎರಡು ಅಡ್ಡ ಏಣು, ಗ್ರೀಕರ ‘ಪೈ’ ಅಕ್ಷರದಂತೆ ಕಾಣುತ್ತದೆ. ಖಡ್ಗಮೃಗದ ಗುರುತು ಅದು. ಆದರೆ ಗೊತ್ತಿದ್ದ ಯಾವ ಜಾತಿಗೂ ಇದು ಹೊಂದಲಿಲ್ಲ. ಬಂಡೆ ನೋಡಲು ಬಂದವನು ಅಂಗರಚನೆಯ ಸೂಕ್ಷ್ಮಗಳಲ್ಲಿ ತಲೆಕೆಡಿಸಿಕೊಳ್ಳಬೇಕಾಯಿತು. 1874ರಲ್ಲಿ ‘ಪ್ಯಾಲಿಯಂಟೋಲಾಜಿಯಾ ಇಂಡಿಕಾ’ದಲ್ಲಿ ಹೊಸ ಹೆಸರು ಅಚ್ಚಾಯಿತು: ರೈನೋಸೆರಸ್ ಡೆಕ್ಕನೆನ್ಸಿಸ್.

ಎಲುಬು ಉಳಿದ ಗುಟ್ಟು ಇಷ್ಟೇ. ಸತ್ತ ಪ್ರಾಣಿಯನ್ನು ನರಿ, ಕತ್ತೆಕಿರುಬ ಚೆಲ್ಲಾಡುವ ಮುನ್ನವೇ ಹೊಳೆಯ ಹೂಳು ಮುಚ್ಚಿರಬೇಕು. ಕರಿಕಲ್ಲು ಕೊಳೆತು ಆದ ಆ ಜೇಡಿಯಲ್ಲಿ ಸುಣ್ಣವಿದ್ದುದರಿಂದ ಎಲುಬು ಕರಗಲಿಲ್ಲ. ಖಡ್ಗಮೃಗಕ್ಕೆ ಕುಡಿಯಲೂ ಹೊರಳಲೂ ನೀರು ಬೇಕು, ದಿನವೆಲ್ಲ ಮೇವು ಬೇಕು. ಆದ್ದರಿಂದ ಇಂದು ಕಬ್ಬು ನಿಂತಿರುವ ಈ ಬಯಲಲ್ಲಿ, ಈಗ ಕೀನ್ಯಾ, ಟಾಂಜಾನಿಯಾದ ಅಭಯಾರಣ್ಯಗಳಿಗೆ ದುಡ್ಡು ಕೊಟ್ಟು ನೋಡಹೋಗುವಂಥ ಹುಲ್ಲು, ಕುರುಚಲು, ಕೆಸರುಮಡು ಇದ್ದಿರಬೇಕು.