ಡಬ್ಬಿ, ಕಾಗದವಿಲ್ಲದ ವಾಚು

ಹಿರಿಯರು ತೀರಿಕೊಂಡ ಮನೆಯಲ್ಲಿ ಕಪಾಟು ಖಾಲಿ ಮಾಡುವ ಕೆಲಸ ಹೆಚ್ಚಾಗಿ ಹೆಂಗಸರ ಪಾಲಿಗೇ ಬರುತ್ತದೆ. ಅಬ್ಬಾರ ವಾಚು ಮಗನ ಕೈಗೆ ಹೋಗುತ್ತದೆ. ಅದರ ಡಬ್ಬಿ ಮತ್ತು ಮಾಸಿದ ಗ್ಯಾರಂಟಿ ಕಾರ್ಡು ಗುಜರಿಗೆ ಸೇರುತ್ತವೆ. ಗೋವಿನಕೋವಿಯಂತಹ ಊರಿನ ಹಳೆಯ ಮನೆಗಳಲ್ಲಿ ಆ ವಾಚು ಎಚ್‌ಎಂಟಿ ಆಗಿರುವ ಸಾಧ್ಯತೆಯೇ ಹೆಚ್ಚು. ಈಗ ಅಂಥದ್ದನ್ನು ಹುಡುಕಿಕೊಂಡು ಬರುವವರು ಮೊದಲು ಕೇಳುವುದು, "ಡಬ್ಬಿ, ಕಾಗದ ಇದೆಯೇ?" ಎಂದು.

ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಬೆಂಗಳೂರಿನಲ್ಲಿ ವಾಚು ತಯಾರಿಸಲು ತೊಡಗಿದ್ದು 1961ರಲ್ಲಿ. ಬಳಿಕ ತುಮಕೂರಿನಲ್ಲೂ ಕಾರ್ಖಾನೆ ಬಂತು. ದಿನಾಲೂ ಕೀಲಿ ಕೊಡಬೇಕಾದ ಜನತಾ, ಪೈಲಟ್‌ಗಳು ಮೇಷ್ಟ್ರು, ಗುಮಾಸ್ತರ ಕೈಗಳಲ್ಲಿ ದಶಕಗಟ್ಟಲೆ ಓಡಿದವು. ಮದುವೆಯಲ್ಲಿ ಅಳಿಯನಿಗೆ ಕೊಡುವ ಉಡುಗೊರೆಯೂ ಅದೇ ಆಗಿತ್ತು. 2016ರಲ್ಲಿ ಕೇಂದ್ರ ಸರಕಾರ ಎಚ್‌ಎಂಟಿ ವಾಚಸ್ ಮುಚ್ಚಲು ತೀರ್ಮಾನಿಸಿತು. ಸಂಗ್ರಹಕಾರರ ಆಸಕ್ತಿ ಏರಿದ್ದೂ ಆಗಲೇ.

ಬೇಡಿಕೆ ಬಂದಲ್ಲಿ ಮೋಸ ಬಾರದಿರುತ್ತದೆಯೇ? ಹಳೆಯ ಯಂತ್ರಕ್ಕೆ ಹೊಸದಾಗಿ ಬಣ್ಣ ಹೊಡೆದ ಡಯಲ್, ಇನ್ನೊಂದು ವಾಚಿನ ಮುಳ್ಳು, ಮತ್ತೊಂದರ ಮುಚ್ಚಳ ಸೇರಿಸಿ 'ಬಳಸದ ಪೈಲಟ್' ಎಂದು ಮಾರುವವರಿದ್ದಾರೆ. ಐವತ್ತು ವರ್ಷದ ವಾಚಿನ ಡಯಲ್ ನಿನ್ನೆ ಅಚ್ಚಾದಂತೆ ಹೊಳೆಯುತ್ತಿದ್ದರೆ, ಅಕ್ಷರಗಳು ದಪ್ಪಗೆ ಸೊಟ್ಟಗಿದ್ದರೆ ಸಂಶಯಪಡಲೇಬೇಕು.

ಡಬ್ಬಿಯೊಂದಿದ್ದರೆ ಈ ಸಂಶಯ ತೀರುವುದೇ? ಇಲ್ಲ. ಖಾಲಿ ಡಬ್ಬಿಗಳೂ ಬೇರೆಯಾಗಿ ಮಾರಾಟಕ್ಕಿವೆ. ರೋಲೆಕ್ಸ್, ಒಮೆಗಾದಂತಹ ದುಬಾರಿ ವಾಚುಗಳದ್ದೂ ಇದೇ ಕಥೆ. ಅವುಗಳ ಕಾರ್ಡುಗಳನ್ನೂ ನಕಲು ಮಾಡುತ್ತಾರೆ. ಕಾರ್ಡಿನ ಸಂಖ್ಯೆಯೂ ವಾಚಿನ ಮೇಲಿನ ಸಂಖ್ಯೆಯೂ ಒಂದೇ ಆಗಿದ್ದರೆ ಮಾತ್ರ ಆ ಕಾಗದಕ್ಕೆ ತೂಕ. ಅಷ್ಟಾದರೂ ಹಿಂದಿನ ಮುಚ್ಚಳ ಬಿಚ್ಚಿಸಿ, ರಿಪೇರಿ ಬಲ್ಲವರಿಂದ ಯಂತ್ರ ನೋಡಿಸದೆ ಹಣ ಕೊಡಬಾರದು. ಡಬ್ಬಿಯಿಲ್ಲದ ಅಸಲಿ ವಾಚು, ಚೆಂದದ ಡಬ್ಬಿಯೊಳಗಿನ ಜೋಡಣೆಯ ವಾಚಿಗಿಂತ ಎಷ್ಟೋ ಮೇಲು. (ಅಂದಹಾಗೆ, ಮದುಮಗನಿಗೆ ಕೊಡುವುದಾದರೆ ಉಕ್ಕಿನದೇ ಇರಲಿ, ಗಂಡಸರಿಗೆ ಚಿನ್ನ ನಿಷಿದ್ಧವೆಂಬುದು ಗೊತ್ತಿದ್ದೂ ಮದುವೆಯ ಗಡಿಬಿಡಿಯಲ್ಲಿ ಮರೆಯುವವರಿದ್ದಾರೆ.)

ಹಾಗಂತ ಕಾಗದ ನಿಷ್ಪ್ರಯೋಜಕವಲ್ಲ. ವಾಚು ಯಾರದಾಗಿತ್ತು, ಕದ್ದ ಮಾಲಲ್ಲವೇ ಎಂಬುದಕ್ಕೆ ಅದು ಸಾಕ್ಷಿ. ಅಮೆರಿಕದ ನಟ ಪಾಲ್ ನ್ಯೂಮನ್‌ಗೆ ಕಾರು ರೇಸಿನ ಹುಚ್ಚು. ಪತ್ನಿ ಜೋನ್ ವುಡ್‌ವರ್ಡ್ ಆತನಿಗೆ ರೋಲೆಕ್ಸ್ ಕೊಡಿಸಿ, ಜೋಪಾನವಾಗಿ ಗಾಡಿ ಓಡಿಸಿರೆಂದು ಹಿಂಬದಿಯಲ್ಲಿ ಕೆತ್ತಿಸಿದ್ದರು. 2017ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಅದು 1 ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಅದು ಆತನದೇ ವಾಚೆಂದು ಗುರುತಿಸುವಲ್ಲಿ ಹೆಂಡತಿಯ ಆ ಪುಟ್ಟ ಮಾತಿಗೂ ಪಾಲಿತ್ತು.

ನಮ್ಮ ಮನೆಯ ಎಚ್‌ಎಂಟಿಗೆ ಅಂಥ ಬೆಲೆ ಬರುವುದಿಲ್ಲ. ಆದರೆ ತಾರೀಕು ಬರೆದು ಅಂಗಡಿಯವರು ಮೊಹರು ಹಾಕಿದ ಕಾರ್ಡು, ಅದೇ ವಾಚು ಕಟ್ಟಿಕೊಂಡ ಅಬ್ಬಾರ ಹಳೆಯ ಫೋಟೋ ಸಿಕ್ಕಿದರೆ ವಾಚಿನ ಜೊತೆಗೇ ಇಡಿ. ಮಾರುವಾಗ ಡಯಲ್ ಬದಲಿಸಿದ್ದರೆ ಕೊಳ್ಳುವವರಿಗೆ ಹೇಳಿಬಿಡಿ. ಕೊಳ್ಳುವಾಗ ಕಾಗದವಿಲ್ಲವೆಂದಾದರೆ ಮಾರಿದವರ ಹೆಸರು, ತಾರೀಕು, ವಾಚಿನ ಸಂಖ್ಯೆ, ಕೊಟ್ಟ ಹಣ ಬರೆಸಿ ಸಹಿ ಹಾಕಿಸಿಕೊಳ್ಳಿ.

ಇನ್ನೊಂದು ಮಾತು. ತೀರಿಕೊಂಡವರ ವಾಚು ಕೂಡ ವಾರೀಸು ಸೊತ್ತೇ. ಹೆಂಡತಿಗೂ ಹೆಣ್ಣುಮಕ್ಕಳಿಗೂ ಅದರಲ್ಲಿ ಹಕ್ಕಿದೆ. ಮಗ ಕೈಗೆ ಕಟ್ಟಿಕೊಳ್ಳುವ ಮೊದಲು ಅದರ ಬೆಲೆಯೇನೆಂದು ವಿಚಾರಿಸಿ, ಎಲ್ಲರೂ ಒಪ್ಪಿದರೆ ಕಟ್ಟಿಕೊಳ್ಳಲಿ.