ಮಂಗಳೂರಿನ ಲೆಕ್ಕ, ಕೈರೋದ ಕಡತ

ತುಮಕೂರಿನಿಂದ ಕುಣಿಗಲ್ ರಸ್ತೆ ಹಿಡಿದು ಗೂಳೂರಿನ ಮೇಲೆ ಹೋದರೆ ಕೈದಾಳ ಸಿಗುತ್ತದೆ. ಅಲ್ಲಿನ ಚೆನ್ನಕೇಶವ ದೇವಾಲಯ 1150ರ ಆಸುಪಾಸಿನದು. ಹೊಯ್ಸಳ ಒಂದನೇ ನರಸಿಂಹನ ಸಾಮಂತ ಗೂಳೆ ಬಾಚಿ ಕಟ್ಟಿಸಿದ್ದು. ಈ ಊರಿನ ಶಾಸನವನ್ನು ಬಿ.ಎಲ್. ರೈಸ್ 1904ರಲ್ಲಿ, ತುಮಕೂರು ಜಿಲ್ಲೆಗೆಂದೇ ಮೀಸಲಾದ ಎಪಿಗ್ರಾಫಿಯಾ ಕರ್ನಾಟಿಕಾದ ಹನ್ನೆರಡನೆಯ ಸಂಪುಟದಲ್ಲಿ ಅಚ್ಚು ಹಾಕಿಸಿದರು. ಕಲ್ಲಿನಿಂದ ನಮಗೆ ರಾಜನ ಬಿರುದು, ಸಾಮಂತನ ವಂಶ, ದೇವರಿಗೆ ಬಿಟ್ಟ ಭೂಮಿ ಎಲ್ಲ ಗೊತ್ತಾಗುತ್ತದೆ. ಅದೇ ವರ್ಷಗಳಲ್ಲಿ ಒಂದು ಮನೆಗೆ ಏನೇನು ಸಾಮಾನು ಬಂತು, ಕೆಲಸದವನ ಕೈಗೆ ಎಷ್ಟು ದುಡ್ಡು ಕೊಟ್ಟರು, ಒಡೆದ ಪಾತ್ರೆಯನ್ನು ಯಾರ ಹತ್ತಿರ ಕರಗಿಸಿ ಮಾಡಿಸಿದರು ಎಂಬುದನ್ನು ಕಲ್ಲಿನ ಮೇಲೆ ಕೆತ್ತಿಸುವವರು ಅಪರೂಪ. ಆ ಕಾಲದ ಕರ್ನಾಟಕದ ಇಂಥ ದಿನನಿತ್ಯದ ವಿವರಗಳು ಉಳಿದಿರುವುದು ಮಂಗಳೂರಿನಲ್ಲಿದ್ದ ಒಬ್ಬ ಯಹೂದಿ ವರ್ತಕನ ಕಾಗದಗಳಲ್ಲಿ. ಅವುಗಳನ್ನು ಓದಿ, ಜೋಡಿಸಿ, ಪ್ರಕಟಿಸುವ ವಿದ್ವತ್ತಿನ ಶಾಖೆಗೆ ಗೆನಿಜಾ ಅಧ್ಯಯನ ಎಂದು ಹೆಸರು.

ದೇವರ ಹೆಸರು ಬರೆದ ಕಾಗದವನ್ನು ಹರಿದು ಬಿಸಾಡಬಾರದು, ಸುಡಬಾರದು ಎಂಬುದು ಯಹೂದಿಗಳ ಕಟ್ಟುಪಾಡು. ಹಳೆಯದಾದ ಹಾಳೆಗಳನ್ನು ಪ್ರಾರ್ಥನಾ ಮಂದಿರದ ಒಂದು ಕೋಣೆಗೆ ಹಾಕಿ, ಆಮೇಲೆ ಮಣ್ಣು ಮಾಡುತ್ತಾರೆ. ಆ ಕೋಣೆಯೇ ಗೆನಿಜಾ. ಹಳೆಯ ಕೈರೋದ ಫುಸ್ತಾತ್‌ನಲ್ಲಿರುವ ಬೆನ್ ಎಜ್ರಾ ಮಂದಿರದಲ್ಲಿ ಮಾತ್ರ ಹಾಕುವುದು ನಡೆದೇ ಇತ್ತು, ಮಣ್ಣು ಮಾಡುವುದು ನಡೆಯಲಿಲ್ಲ. ಕಾಗದಗಳು ಹಲವು ಶತಮಾನ ಹಾಗೇ ರಾಶಿ ಬಿದ್ದವು. ಧರ್ಮಗ್ರಂಥಗಳಷ್ಟೇ ಅಲ್ಲ, ವ್ಯಾಪಾರದ ಪತ್ರ, ಮದುವೆ ಒಪ್ಪಂದ, ಸಾಲದ ಚೀಟಿ, ಸಾಮಾನಿನ ಪಟ್ಟಿ ಎಲ್ಲವೂ ಅಲ್ಲಿಗೇ ಬಂದವು. ಈಜಿಪ್ಟಿನ ಒಣಹವೆ ಅವುಗಳನ್ನು ಕಾಪಾಡಿತು.

1896ರಲ್ಲಿ ಆಗ್ನೆಸ್ ಲೂಯಿಸ್, ಮಾರ್ಗರೆಟ್ ಗಿಬ್ಸನ್ ಎಂಬ ಸ್ಕಾಟ್ಲೆಂಡಿನ ಅವಳಿ ಸೋದರಿಯರು ತಾವು ಕೊಂಡುತಂದ ಒಂದು ಹಾಳೆಯನ್ನು ಕೇಂಬ್ರಿಜ್‌ನ ಸೊಲೊಮನ್ ಶೆಕ್ಟರ್‌ಗೆ ತೋರಿಸಿದರು. ಅದರ ಬೆಲೆ ಗುರುತಿಸಿದ ಶೆಕ್ಟರ್ ಆ ವರ್ಷದ ಕೊನೆಗೆ ಕೈರೋಗೆ ಹೋದರು. ಧೂಳು ಕುಡಿಯುತ್ತ ವಾರಗಟ್ಟಲೆ ಆ ಕೋಣೆಯಲ್ಲಿ ಕೂತು, ಲಕ್ಷಕ್ಕೂ ಮೀರಿದ ತುಣುಕುಗಳನ್ನು ಕೇಂಬ್ರಿಜ್ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಸಾಗಿಸಿದರು. ಖರ್ಚು ವಹಿಸಿದವರು ಚಾರ್ಲ್ಸ್ ಟೇಲರ್. ಹಾಗಾಗಿ ಇಬ್ಬರ ಹೆಸರೂ ಸೇರಿ ಅದು ಟೇಲರ್-ಶೆಕ್ಟರ್ ಸಂಗ್ರಹವಾಯಿತು. ಉಳಿದದ್ದು ಆಕ್ಸ್‌ಫರ್ಡ್, ಸೇಂಟ್ ಪೀಟರ್ಸ್‌ಬರ್ಗ್, ನ್ಯೂಯಾರ್ಕ್ ಹೀಗೆ ಹತ್ತಾರು ಕಡೆ ಚದುರಿದೆ. ಒಂದೇ ಪತ್ರದ ಮೇಲರ್ಧ ಒಂದು ದೇಶದಲ್ಲಿ, ಕೆಳಗರ್ಧ ಇನ್ನೊಂದು ದೇಶದಲ್ಲಿ ಇರುವುದೂ ಉಂಟು. ಕೈಬರಹ, ಸಾಲುಗಳ ನಡುವಿನ ಅಂತರ, ಹರಿದ ಅಂಚು ಇವನ್ನು ನೋಡಿ ನೋಡಿ ತುಣುಕುಗಳನ್ನು ಕೂಡಿಸುವುದು ಈ ವಿದ್ವಾಂಸರ ಮೊದಲ ಕೆಲಸ.

ಕೈರೋದ ಆ ರಾಶಿಯಲ್ಲಿ ಕಾಗದಗಳು ಸಿಕ್ಕ ನಮ್ಮ ಮಂಗಳೂರಿನ ವರ್ತಕನ ಹೆಸರು ಅಬ್ರಹಾಂ ಬೆನ್ ಯೀಜು. ಹುಟ್ಟೂರು ಟ್ಯುನೀಷಿಯಾದ ಮಹ್ದಿಯಾ. ಏಡನ್ ಬಂದರಿಗೆ ಬಂದು, ಅಲ್ಲಿನ ದೊಡ್ಡ ಸಾಹುಕಾರ ಮದ್ಮೂನನ ನಂಟು ಬೆಳೆಸಿ, 1132ರ ಹೊತ್ತಿಗೆ ಮಂಗಳೂರಿನಲ್ಲಿ ನೆಲೆಯಾಗಿದ್ದ. ತುಳುನಾಡು ಆಗ ಆಳುಪರ ಕೈಯಲ್ಲಿತ್ತು. ಸುಮಾರು ಹದಿನೇಳು ವರ್ಷ ಅವನ ಬಾಳು ಈ ಕರಾವಳಿಯೊಂದಿಗೆ ಹೆಣೆದುಕೊಂಡಿತ್ತು. ಮೆಣಸು, ಕಬ್ಬಿಣ, ಏಲಕ್ಕಿ, ಅಡಿಕೆ ಇಲ್ಲಿಂದ ಏಡನ್‌ಗೆ ಹೋಗುತ್ತಿದ್ದವು. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿಯ ಅಡಿಕೆ ಮಂಡಿ ಕಂಡವರಿಗೆ ಆ ಪತ್ರಗಳಲ್ಲಿ ಅಡಿಕೆಯ ಮಾತು ಬಂದಾಗ ಆಗುವ ಸಂತೋಷವೇ ಬೇರೆ. ಮಂಗಳೂರಿನಲ್ಲಿ ಅವನದೊಂದು ಕಂಚಿನ ಕಾರ್ಖಾನೆಯೂ ಇತ್ತು. ಏಡನ್‌ನ ಗೆಳೆಯರು ತಾಮ್ರವನ್ನೂ ಒಡೆದ ಹಳೆಯ ಪಾತ್ರೆಗಳನ್ನೂ ಹಡಗಿಗೆ ಹಾಕಿ, ಇಂಥ ಅಳತೆಯ ಗಿಂಡಿ, ಇಂಥ ಬೋಗುಣಿ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಜತೆಗೆ ಸಕ್ಕರೆ, ಒಣದ್ರಾಕ್ಷಿ ಉಡುಗೊರೆಯಾಗಿ ಬರುತ್ತಿದ್ದವು. ಕಾಗದವೂ ಬರುತ್ತಿತ್ತು, ಏಕೆಂದರೆ ಇಲ್ಲಿ ಒಳ್ಳೆಯ ಕಾಗದ ಸಿಗುತ್ತಿರಲಿಲ್ಲ.

ಅವನ ಪತ್ರಗಳಲ್ಲಿ ಎರಡು ಕೈಗಳ ಬರಹ ಸೇರಿಕೊಂಡದ್ದಕ್ಕೆ ಈ ಕಾಗದದ ಬರವೇ ಕಾರಣ. ಏಡನ್‌ನಿಂದ ಬಂದ ಪತ್ರ ಉದ್ದವಾದ ಕಿರುಹಾಳೆಯಲ್ಲಿರುತ್ತದೆ. ಭಾಷೆ ಅರಬ್ಬಿ, ಲಿಪಿ ಹೀಬ್ರೂ. ಹಾಳೆ ಮುಗಿದರೂ ಮಾತು ಮುಗಿದಿರುವುದಿಲ್ಲ. ಬರೆದವನು ಹಾಳೆ ತಿರುಗಿಸಿ ಅಂಚಿನ ಖಾಲಿ ಜಾಗದಲ್ಲಿ ಮುಂದುವರಿಸುತ್ತಾನೆ, ಹಿಂಬದಿಗೂ ಹೋಗುತ್ತಾನೆ. ವಿಳಾಸ ಮಡಿಕೆಯ ಹೊರಗೆ. ಪತ್ರ ಮಂಗಳೂರು ತಲುಪಿದ ಮೇಲೆ ಬೆನ್ ಯೀಜು ಅದರಲ್ಲಿ ಉಳಿದ ಬಿಳಿ ಜಾಗವನ್ನು ಬಿಡುತ್ತಿರಲಿಲ್ಲ. ತನ್ನ ಕೈಬರಹದಲ್ಲಿ ಲೆಕ್ಕ ಬರೆಯುತ್ತಿದ್ದ, ಉತ್ತರದ ಕರಡು ಬರೆಯುತ್ತಿದ್ದ, ಕವಿತೆಯನ್ನೂ ಕಟ್ಟುತ್ತಿದ್ದ. ಸಂಪಾದಕನಾದವನು ಮೊದಲು ಇವೆರಡು ಕೈಗಳನ್ನು ಬೇರ್ಪಡಿಸಬೇಕು. ಆಮೇಲೆ ಕಾಲ ನಿರ್ಣಯಿಸಬೇಕು, ಮಾಸಿದ ಅಕ್ಷರವನ್ನು ಊಹೆ ಎಂದು ಗುರುತು ಮಾಡಿ ತುಂಬಬೇಕು. ನಮ್ಮ ಜಿಲ್ಲೆಯ ಚಿಕ್ಕನಾಯಕನಹಳ್ಳಿಯವರಾದ ಡಿ.ಎಲ್. ನರಸಿಂಹಾಚಾರ್ಯರು ವಡ್ಡಾರಾಧನೆಯನ್ನು ಸಂಪಾದಿಸುವಾಗ ಪಾಲಿಸಿದ ಶಿಸ್ತಿನ ಜಾತಿಯದೇ ಇದು. ಕನ್ನಡ ಗ್ರಂಥ ಸಂಪಾದನೆಯನ್ನು ಶಾಸ್ತ್ರವಾಗಿ ಓದಿದವರಿಗೆ ಗೆನಿಜಾದ ಪುಟ ಪರಕೀಯ ಅನ್ನಿಸದು.

ಇಡೀ ಭಾರತ ವ್ಯಾಪಾರದ ಕಾಗದಗಳನ್ನು ಒಂದೆಡೆ ತರಲು ಹೊರಟವರು ಎಸ್.ಡಿ. ಗೊಯ್‌ಟೈನ್. ಜರ್ಮನಿಯಲ್ಲಿ 1900ರಲ್ಲಿ ಹುಟ್ಟಿ, ಜೆರುಸಲೇಮಿನಲ್ಲಿ ಪಾಠ ಹೇಳಿ, ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಕೊನೆಯ ವರ್ಷಗಳನ್ನು ಕಳೆದವರು. ಈ ಯೋಜನೆಯನ್ನು ಅವರು ಕರೆಯುತ್ತಿದ್ದುದೇ 'ಇಂಡಿಯಾ ಬುಕ್' ಎಂದು. ದಶಕಗಟ್ಟಲೆ ದುಡಿದರೂ 1985ರಲ್ಲಿ ತೀರಿಕೊಂಡಾಗ ಅದು ಮುಗಿದಿರಲಿಲ್ಲ. ಟೆಲ್ ಅವೀವ್‌ನ ಮೊರ್ದೆಖೈ ಫ್ರೀಡ್‌ಮನ್ ಕೈಗೆತ್ತಿಕೊಂಡು ಪೂರೈಸಿದರು. 2008ರಲ್ಲಿ ಹಾಲೆಂಡಿನ ಲೈಡನ್ ನಗರದ ಬ್ರಿಲ್ ಪ್ರಕಾಶನ ಅದನ್ನು ಇಂಗ್ಲಿಷಿನಲ್ಲಿ ಹೊರತಂದಿತು. ಬ್ರಿಲ್ 1683ರಿಂದ ನಡೆದುಬಂದ ಸಂಸ್ಥೆ. ಕೊಳ್ಳುವವರು ಕಡಿಮೆ ಇದ್ದರೂ ಇಂಥ ಗ್ರಂಥಗಳನ್ನು ಅಚ್ಚು ಮಾಡುವ ಪ್ರಕಾಶಕರು ಉಳಿದಿದ್ದರಿಂದಲೇ ಮಂಗಳೂರಿನ ಈ ಮನೆಯ ಕತೆ ನಮ್ಮ ಕೈಗೆ ಬಂದಿದೆ.

ಆ ಮನೆಯಲ್ಲಿ ಇಬ್ಬರು ನಮ್ಮ ನೆಲದವರಿದ್ದರು, ಇಬ್ಬರೂ ದಾಸ್ಯದಲ್ಲಿದ್ದವರು. ಒಬ್ಬಳು ಅಶು. 1132ರ ಅಕ್ಟೋಬರ್‌ನಲ್ಲಿ ಬೆನ್ ಯೀಜು ಅವಳನ್ನು ದಾಸ್ಯದಿಂದ ಬಿಡಿಸಿದ ಪತ್ರ ಮಂಗಳೂರಿನಲ್ಲೇ ಬರೆದದ್ದು, ಈಗ ಸೇಂಟ್ ಪೀಟರ್ಸ್‌ಬರ್ಗಿನಲ್ಲಿದೆ. ಅವಳನ್ನೇ ಆತ ಮದುವೆಯಾದ ಎಂಬುದು ಗೊಯ್‌ಟೈನರ ತೀರ್ಮಾನ. ಬೆನ್ ಯೀಜುವಿನ ಮಗಳು ಸಿತ್ ಅಲ್-ದಾರ್ 1156ರಲ್ಲಿ ಫುಸ್ತಾತ್‌ನಲ್ಲಿ ಮದುವೆಯಾದಳು. ಇನ್ನೊಬ್ಬ ಬೆನ್ ಯೀಜುವಿನ ಪರವಾಗಿ ಏಡನ್‌ಗೆ ಹೋಗಿ ವ್ಯವಹಾರ ಮಾಡಿಬರುತ್ತಿದ್ದ ಆಳು. ಅವನು ಅಚ್ಚಿನಲ್ಲಿ ಮೊದಲು ಕಾಣಿಸಿಕೊಂಡಿದ್ದು 1942ರಲ್ಲಿ, ಜೆರುಸಲೇಮಿನ ಹೀಬ್ರೂ ಪತ್ರಿಕೆ 'ಝಿಯೋನ್'ನಲ್ಲಿ. 1148ರ ಒಂದು ಪತ್ರದಲ್ಲಿ ಏಡನ್‌ನ ವರ್ತಕ ಖಲಫ್ ಇವನಿಗೂ ನಮಸ್ಕಾರ ತಿಳಿಸಿದ್ದ. ಸ್ವರಚಿಹ್ನೆಯಿಲ್ಲದ ಹೀಬ್ರೂ ಲಿಪಿಯಲ್ಲಿ ಅವನ ಹೆಸರನ್ನು ವಿದ್ವಾಂಸರು ಬಾಮಾ ಎಂದು ಓದಿದ್ದರು. ಲೇಖಕ ಅಮಿತಾವ್ ಘೋಷ್ ಅದರ ಬೆನ್ನು ಹತ್ತಿ ಮಂಗಳೂರಿಗೆ ಬಂದಾಗ ಬಿ.ಎ. ವಿವೇಕ ರೈ ಅವರ ತುಳು ವಿದ್ವತ್ತು ಆ ಗಂಟು ಬಿಡಿಸಿತು: ಅವನು ಬೊಮ್ಮ. ಘೋಷ್ 1992ರಲ್ಲಿ ಪ್ರಕಟಿಸಿದ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕದಲ್ಲಿ ಈ ಹುಡುಕಾಟದ ಕತೆ ಇದೆ.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಮಹಾ ಪಂಡಿತರು ಅರಬ್ಬಿ, ಹೀಬ್ರೂ, ಅರಾಮಿಕ್ ಎಲ್ಲವನ್ನೂ ಬಲ್ಲವರು. ಆದರೂ ಬೊಮ್ಮನನ್ನು ಗುರುತಿಸಲು ಇಲ್ಲಿನ ಮಾತು ಬಲ್ಲವರೇ ಬೇಕಾಯಿತು. ಆ ಲೆಕ್ಕಗಳಲ್ಲಿ ಇಲ್ಲಿನ ವ್ಯಾಪಾರಿಗಳು, ಕಂಚುಗಾರರು, ನಾವಿಕರು ಇನ್ನೂ ಇದ್ದಾರೆ. ಇತಿಹಾಸಕಾರ್ತಿ ಎಲಿಜಬೆತ್ ಲ್ಯಾಂಬೋರ್ನ್ ಬೆನ್ ಯೀಜುವಿನ ಒಂದೇ ಒಂದು ಪ್ರಯಾಣದ ಸಾಮಾನು ಪಟ್ಟಿಯನ್ನು, ಅಂದರೆ ಮಂಗಳೂರಿನಿಂದ ಏಡನ್‌ಗೆ ಕಟ್ಟಿಕೊಂಡ ಗಂಟುಮೂಟೆಯ ಪಟ್ಟಿಯನ್ನು ಹಿಡಿದು 2018ರಲ್ಲಿ ಇಡೀ ಪುಸ್ತಕ ಬರೆದರು. ಇಂಥ ಪಟ್ಟಿಗಳ ಅಡುಗೆ ಸಾಮಾನನ್ನು ಕನ್ನಡ, ತುಳು ಬಲ್ಲ ಒಬ್ಬ ಸಂಶೋಧಕಿ ಓದಿದರೆ ಹೊಸದಾಗಿ ಏನಾದರೂ ಕಾಣದಿರದು.

ದಾರಿ ಈಗ ಮೊದಲಿನಷ್ಟು ಕಷ್ಟದ್ದಲ್ಲ. ಕೇಂಬ್ರಿಜ್ ತನ್ನ ತುಣುಕುಗಳ ಚಿತ್ರಗಳನ್ನು ಅಂತರ್ಜಾಲಕ್ಕೆ ಹಾಕಿದೆ. ಪ್ರಿನ್ಸ್‌ಟನ್‌ನ ಗೆನಿಜಾ ಲ್ಯಾಬ್ ಸಾವಿರಾರು ದಾಖಲೆಗಳ ವಿವರ, ಪಠ್ಯಗಳನ್ನು ಯಾರು ಬೇಕಾದರೂ ನೋಡುವಂತೆ ತೆರೆದಿಟ್ಟಿದೆ. ತುಮಕೂರಿನಲ್ಲಿ ಅರಬ್ಬಿ ಓದಿದ ಹುಡುಗ ಹುಡುಗಿಯರಿದ್ದಾರೆ. ಭಾಷೆ ಬಂದವರಿಗೆ ಲಿಪಿ ಮಾತ್ರ ಬಾಕಿ. ಹೀಬ್ರೂ ಅಕ್ಷರ ಇಪ್ಪತ್ತೆರಡೇ. ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ ಹೀಬ್ರೂ ಪಾಠ ನಡೆಯುತ್ತದೆ. ಹನ್ನೆರಡನೆಯ ಶತಮಾನದ ವ್ಯಾಪಾರಿ ಅರಬ್ಬಿಗೆ ಕಣ್ಣು ಪಳಗಲು ಒಂದೆರಡು ವರ್ಷ ಹಿಡಿದೀತು. ನಮ್ಮ ವಿಶ್ವವಿದ್ಯಾಲಯಗಳ ಇತಿಹಾಸ ವಿಭಾಗಗಳು ಪಿಎಚ್‌.ಡಿ.ಗೆ ವಿಷಯ ಹುಡುಕುವವರ ಮುಂದೆ ಮಂಗಳೂರಿನ ಈ ಲೆಕ್ಕಗಳನ್ನೂ ಇಡಬಹುದು.